ಹಳೆಯ ಲ್ಯಾಪ್‌ಟಾಪಿಗೆ ಹೊಸ ವಿದ್ಯಾರ್ಥಿ

ಮನೆ ಆಶೀರ್ವಾದಕ್ಕೆಂದು ವಾರ್ಡುಗಳಲ್ಲಿ ಸುತ್ತಾಡುವಾಗ ಒಂದು ವಸ್ತು ಪದೇ ಪದೇ ನಮ್ಮ ಕಣ್ಣಿಗೆ ಬೀಳುತ್ತದೆ. ಕಪಾಟಿನ ನೆತ್ತಿಯ ಮೇಲೆ, ಕ್ರಿಸ್‌ಮಸ್ ಗೋದಲಿಯ ಪೆಟ್ಟಿಗೆಯ ಪಕ್ಕದಲ್ಲಿ, ಧೂಳು ಹಿಡಿದ ಒಂದು ಕಪ್ಪು ಚೀಲ. ಮಗ ಕುವೈತಿಗೋ ದುಬೈಗೋ ಹೋಗುವ ಮೊದಲು ಬಳಸುತ್ತಿದ್ದ, ಇಲ್ಲವೇ ಬೆಂಗಳೂರಿನ ಕಂಪನಿಯಲ್ಲಿ ಹೊಸದು ದೊರೆತ ಮೇಲೆ ಮಗಳು ಊರಿನಲ್ಲಿ ಬಿಟ್ಟುಹೋದ ಲ್ಯಾಪ್‌ಟಾಪ್ ಅದರೊಳಗಿರುತ್ತದೆ. "ಹಾಳಾಗಿದೆಯೇ?" ಎಂದು ವಿಚಾರಿಸಿದರೆ, "ಹಾಳಾಗಿಲ್ಲ ಫಾದರ್, ಬಹಳ ನಿಧಾನ" ಎಂಬ ಉತ್ತರ ಬರುತ್ತದೆ. ನಲವತ್ತು ಸಾವಿರ ತೆತ್ತು ಕೊಂಡದ್ದನ್ನು ಎಸೆಯಲು ಮನಸ್ಸಿಲ್ಲ, ಬಳಸಲು ತಾಳ್ಮೆಯಿಲ್ಲ.

ಅದೇ ವಾರ್ಡಿನಲ್ಲಿ ನಾಲ್ಕು ಮನೆಗಳಾಚೆ, ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಗೇರುಬೀಜದ ಕಾರ್ಖಾನೆಗೆ ಹೋದ ತಾಯಿ ಸಂಜೆ ಮರಳುವುದನ್ನೇ ಕಾಯುತ್ತಿರುತ್ತಾಳೆ. ಮನೆಗಿರುವುದು ಒಂದೇ ಮೊಬೈಲು, ಅದು ತಾಯಿಯ ಕೈಯಲ್ಲಿ. ಅದು ಬಂದ ಮೇಲೆ ಅಂಗೈಯಗಲದ ಪರದೆಯಲ್ಲಿ ಅವಳು ಪಾಠ ನೋಡಬೇಕು, ಟಿಪ್ಪಣಿ ಓದಬೇಕು, ಎರಡು ಹೆಬ್ಬೆರಳುಗಳಿಂದ ಪ್ರಬಂಧ ಬರೆಯಬೇಕು. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಲೆನಾಡಿನ ಮಕ್ಕಳು ಮೊಬೈಲು ಹಿಡಿದು ಗುಡ್ಡ ಹತ್ತಿದ ಚಿತ್ರಗಳನ್ನು ಕಂಡು ನಾವೆಲ್ಲರೂ ಮರುಗಿದೆವು. ಶಾಲೆಗಳು ತೆರೆದವು, ಮರುಕವೂ ಮರೆಯಾಯಿತು. ಆದರೆ ಕಾಲೇಜಿನ ಕೆಲಸದ ಬಹುಪಾಲು ಅಂದಿನಿಂದ ಪರದೆಗೆ ಬಂದದ್ದು ಅಲ್ಲಿಯೇ ಉಳಿದಿದೆ.

ಈ ಎರಡು ಮನೆಗಳ ನಡುವಿನ ನಾಲ್ಕು ಮನೆಗಳ ದೂರವೇ ಈ ವಾರದ ನಮ್ಮ ವಿಷಯ.

ಕಪಾಟಿನ ಮೇಲಿರುವ ಈ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಯನ್ನು ಹೊತ್ತವು. ಯಂತ್ರದ ಬಿಡಿಭಾಗಗಳನ್ನು ಒಂದುಗೂಡಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯವ್ಯವಸ್ಥೆ ಎಂದು ಹೆಸರು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ರಂದು ತನ್ನ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಬಯಸಿದವರಿಗೆ ಇನ್ನೊಂದು ವರ್ಷ ರಕ್ಷಣೆ ನೀಡುವ ಏರ್ಪಾಡನ್ನು ಅದು ಘೋಷಿಸಿತಾದರೂ, ನಮ್ಮಲ್ಲಿ ಅದರ ಗೋಜಿಗೆ ಹೋದವರು ವಿರಳ. ಅದರ ಮುಂದಿನದಾದ ವಿಂಡೋಸ್ 11 ಎಲ್ಲ ಯಂತ್ರಗಳನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆ ಇರಬೇಕು. ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅನಂತರದ್ದೋ ಆಗಿರಬೇಕು. ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಹೀಗಾಗಿ 2016ರಲ್ಲಿ ಕೊಂಡ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಬಾಗಿಲ ಹೊರಗೇ ನಿಲ್ಲಬೇಕಾಯಿತು. ಬೆಂಬಲ ನಿಂತ ದಿನವೇ ಯಂತ್ರ ನಿಲ್ಲುವುದಿಲ್ಲ, ನಿಜ. ಆದರೆ ಹೊಸದಾಗಿ ಪತ್ತೆಯಾದ ದೋಷಗಳಿಗೆ ತೇಪೆ ಹಾಕುವವರಿಲ್ಲದಿದ್ದರೆ, ಬ್ಯಾಂಕಿನ ವ್ಯವಹಾರಕ್ಕಾಗಲಿ ಮಕ್ಕಳ ಕೈಗಾಗಲಿ ಅದು ಕ್ಷೇಮವಲ್ಲ.

ನಾವು ಗುರುಮಠದಲ್ಲಿದ್ದಾಗ ತತ್ತ್ವಶಾಸ್ತ್ರದ ಮೊದಲನೆಯ ವರ್ಷ ಅರಿಸ್ಟಾಟಲನ ದ್ರವ್ಯ ಮತ್ತು ರೂಪಗಳ ವಿಚಾರವನ್ನು ಬಾಯಿಪಾಠ ಮಾಡಿದ್ದೆವು. ಕಂಚು ದ್ರವ್ಯ, ವಿಗ್ರಹದ ಆಕಾರ ರೂಪ. ಒಂದೇ ಕಂಚು ಒಂದು ರೂಪವನ್ನು ಕಳಚಿ ಇನ್ನೊಂದನ್ನು ತಾಳಬಲ್ಲದು. ಪರೀಕ್ಷೆಯಾದ ಮೇಲೆ ಇದರಿಂದ ಏನುಪಯೋಗವೆಂದು ಅಂದು ನಗೆಯಾಡುತ್ತಿದ್ದೆವು. ಐವತ್ತು ದಾಟಿದ ಮೇಲೆ, ಧರ್ಮಕೇಂದ್ರದ ಸಭಾಂಗಣದಲ್ಲಿ ಹನ್ನೊಂದು ಹಳೆಯ ಲ್ಯಾಪ್‌ಟಾಪುಗಳ ಮುಂದೆ ಕುಳಿತಾಗ ಆ ಪಾಠ ನೆನಪಾಯಿತು. ಕೀಲಿಮಣೆ, ಪರದೆ, ಸಂಸ್ಕಾರಕ ಎಲ್ಲವೂ ನೆಟ್ಟಗಿವೆ. ಮುಪ್ಪು ಹಿಡಿದಿರುವುದು ಅವುಗಳನ್ನು ಆಳುವ ತಂತ್ರಾಂಶಕ್ಕೆ. ಈ ಉಪಮೆಯನ್ನು ಬಹಳ ದೂರ ಎಳೆದರೆ ನಮ್ಮ ಹಳೆಯ ಪ್ರಾಧ್ಯಾಪಕರು ಒಪ್ಪಲಾರರು, ಆದ್ದರಿಂದ ಇಲ್ಲಿಗೇ ಬಿಡುತ್ತೇವೆ.

ಹೊಸ ರೂಪ ಕೊಡುವ ಒಂದು ಬಗೆ ಹೀಗಿದೆ. ವಿದ್ಯಾರ್ಥಿಯೊಬ್ಬ ಓದುವುದು, ಬರೆಯುವುದು, ಪಾಠದ ವೀಡಿಯೋ ನೋಡುವುದು, ಅರ್ಜಿ ತುಂಬುವುದು, ಮಿಂಚಂಚೆ ಕಳುಹಿಸುವುದು ಇವೆಲ್ಲವೂ ಇಂದು ಅಂತರಜಾಲದ ಪುಟಗಳನ್ನು ತೆರೆಯುವ ಬ್ರೌಸರ್ ಎಂಬ ಒಂದೇ ತಂತ್ರಾಂಶದೊಳಗೆ ನಡೆಯುತ್ತವೆ. ಹಾಗಿದ್ದ ಮೇಲೆ ಯಂತ್ರಕ್ಕೆ ಆ ಬ್ರೌಸರನ್ನೂ ಅದನ್ನು ನಡೆಸಲು ಬೇಕಾದಷ್ಟು ಆಧಾರವನ್ನೂ ಮಾತ್ರ ಕೊಟ್ಟು ಉಳಿದ ಭಾರವನ್ನು ಇಳಿಸಿದರೇನು? ಗೂಗಲ್ ಕಂಪನಿಯು ಈ ವಿಚಾರವನ್ನು 2009ರಲ್ಲಿ ಪ್ರಕಟಿಸಿ, 2011ರ ಜೂನ್‌ನಿಂದ ಕ್ರೋಮ್‌ಬುಕ್ ಎಂಬ ಹೆಸರಿನ ಯಂತ್ರಗಳ ಮೂಲಕ ಮಾರುಕಟ್ಟೆಗೆ ತಂದಿತು. ಅದೇ ಬಗೆಯ ವ್ಯವಸ್ಥೆಯನ್ನು ಯಾರದೋ ಹಳೆಯ ಲ್ಯಾಪ್‌ಟಾಪಿಗೆ ಅಳವಡಿಸುವ ಕೆಲಸವನ್ನು ನ್ಯೂಯಾರ್ಕಿನ ನೆವರ್‌ವೇರ್ ಎಂಬ ಸಣ್ಣ ಸಂಸ್ಥೆಯು ಕ್ಲೌಡ್‌ರೆಡಿ ಎಂಬ ಹೆಸರಿನಲ್ಲಿ ಮಾಡುತ್ತಿತ್ತು. 2020ರ ಡಿಸೆಂಬರಿನಲ್ಲಿ ಗೂಗಲ್ ಆ ಸಂಸ್ಥೆಯನ್ನೇ ಕೊಂಡಿತು. 2022ರ ಫೆಬ್ರವರಿಯಲ್ಲಿ ಪರೀಕ್ಷಾರ್ಥವಾಗಿಯೂ ಜುಲೈಯಲ್ಲಿ ಪೂರ್ಣವಾಗಿಯೂ ಹೊರಬಂದ ಕ್ರೋಮ್ ಓಎಸ್ ಫ್ಲೆಕ್ಸ್ ಅದರ ಫಲ. ಅದಕ್ಕೆ ಹಣ ಕೊಡಬೇಕಿಲ್ಲ. ಇಂಟೆಲ್ ಅಥವಾ ಎಎಂಡಿಯ 64 ಬಿಟ್ ಸಂಸ್ಕಾರಕ, 4 ಜಿಬಿ ಸ್ಮರಣೆ, 16 ಜಿಬಿ ಸಂಗ್ರಹ ಇದ್ದರೆ ಸಾಕು. 2010ಕ್ಕಿಂತ ಹಿಂದಿನ ಸಂಸ್ಕಾರಕಗಳಿಂದ ಹೆಚ್ಚೇನೂ ನಿರೀಕ್ಷಿಸಬಾರದು. 8 ಜಿಬಿಯ ಒಂದು ಪೆನ್‌ಡ್ರೈವಿಗೆ ಅದನ್ನು ತುಂಬಿಕೊಂಡು, ಯಂತ್ರ ಶುರುವಾಗುವಾಗ ಸೂಕ್ತ ಗುಂಡಿಯನ್ನು ಒತ್ತಿದರೆ ಪೆನ್‌ಡ್ರೈವಿನಿಂದಲೇ ಎದ್ದು ಬರುತ್ತದೆ. ಆ ಗುಂಡಿ ಒಂದು ಕಂಪನಿಯ ಯಂತ್ರದಲ್ಲಿ ಎಫ್ 12, ಇನ್ನೊಂದರದ್ದರಲ್ಲಿ ಎಫ್ 9.

ಇಲ್ಲಿ ಎಲ್ಲರೂ ಮನಸ್ಸಿಟ್ಟು ಓದಬೇಕಾದ ಮಾತೊಂದಿದೆ. ಹಾಗೆ ಎದ್ದು ಬಂದಾಗ ಅದು ಎರಡು ದಾರಿಗಳನ್ನು ತೋರಿಸುತ್ತದೆ. ಮೊದಲು ಪರೀಕ್ಷಿಸಿ ನೋಡು ಎಂಬುದು ಒಂದು, ಸ್ಥಾಪಿಸು ಎಂಬುದು ಇನ್ನೊಂದು. ಪರೀಕ್ಷೆಯಲ್ಲಿ ಒಳಗಿನ ಕಡತಗಳಿಗೆ ಧಕ್ಕೆಯಿಲ್ಲ. ಧ್ವನಿ ಬರುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ, ವೈಫೈ ಹಿಡಿಯುತ್ತದೆಯೇ ಎಂದು ನೋಡಿಕೊಳ್ಳಬಹುದು. ಸ್ಥಾಪನೆಯಾದರೋ ಯಂತ್ರದಲ್ಲಿದ್ದ ಸಮಸ್ತವನ್ನೂ ಅಳಿಸಿಹಾಕುತ್ತದೆ.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಧರ್ಮಕೇಂದ್ರದಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡ ಮೊದಲನೆಯ ಶನಿವಾರ, ನಿವೃತ್ತ ಶಿಕ್ಷಕರೊಬ್ಬರ ವಿಧವೆ ತಮ್ಮ ಪತಿಯ ಲ್ಯಾಪ್‌ಟಾಪನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ತಂದರು. "ಅದರಲ್ಲಿ ಏನೂ ಇಲ್ಲ ಫಾದರ್, ಓದುವ ಮಗುವಿಗೆ ಕೊಡಿ" ಎಂದರು. ನಾವು ನಂಬಿದೆವು. ನಂಬಿದೆವು ಎನ್ನುವುದಕ್ಕಿಂತ, ಅವಸರದಲ್ಲಿದ್ದೆವು ಎನ್ನುವುದೇ ಸತ್ಯ. ಸಂಜೆಯ ಬಲಿಪೂಜೆಗೆ ಮೊದಲು ಐದು ಯಂತ್ರಗಳಾದರೂ ಸಿದ್ಧವಾಗಬೇಕೆಂಬ ಹುರುಪು ನಮ್ಮದು. ಯುವಕರು ಸಿದ್ಧಪಡಿಸಿದರು, ಯಂತ್ರ ಸೊಗಸಾಗಿ ಓಡಿತು, ಒಬ್ಬ ಹುಡುಗನ ಕೈ ಸೇರಿತು. ಮೂರು ವಾರಗಳ ಬಳಿಕ ಮಸ್ಕತ್ತಿನಿಂದ ಆ ತಾಯಿಯ ಮಗನ ಕರೆ ಬಂತು. ತಂದೆಯವರು ಕೊನೆಯ ನಾಲ್ಕು ವರ್ಷ ಕುಳಿತು ಬರೆದಿದ್ದ ಮನೆತನದ ಚರಿತ್ರೆ, ಅದಕ್ಕೆಂದು ಸಂಬಂಧಿಕರಿಂದ ಬೇಡಿ ತಂದು ನಕಲು ಮಾಡಿಕೊಂಡಿದ್ದ ಹಳೆಯ ಛಾಯಾಚಿತ್ರಗಳು ಅದರಲ್ಲಿದ್ದವು. ತಾಯಿಗೆ ಅದು ತಿಳಿದಿರಲಿಲ್ಲ. ಕೇಳಬೇಕಾಗಿದ್ದ ನಾವು ಕೇಳಿರಲಿಲ್ಲ.

ಯಂತ್ರವನ್ನು ಹಿಂದಕ್ಕೆ ಪಡೆದು ಪಟ್ಟಣದ ಅಂಗಡಿಯೊಂದಕ್ಕೆ ಒಯ್ದೆವು. ಅವರು ಎರಡು ದಿನ ಪ್ರಯತ್ನಿಸಿ, ಅರ್ಧ ಕಾಣುವ ಆರು ಚಿತ್ರಗಳನ್ನು ಕೊಟ್ಟರು. ಬರವಣಿಗೆ ಬರಲಿಲ್ಲ. ಆ ತಾಯಿ ನಮಗೆ ಒಂದು ಕಟು ಮಾತನ್ನೂ ಆಡಲಿಲ್ಲ. ಮಗ ಇಂದಿಗೂ ನಮ್ಮೊಡನೆ ಮಾತನಾಡುತ್ತಿಲ್ಲ, ಆತನ ಕೋಪ ನ್ಯಾಯವಾದುದೇ. ಸದುದ್ದೇಶವಿತ್ತೆಂಬ ಸಮಾಧಾನ ಇಂಥ ಕಡೆ ಬಹಳ ತೆಳುವಾದ ಹೊದಿಕೆ.

ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿಯಿದೆ. ತಂದ ಯಂತ್ರವನ್ನು ಮೂವತ್ತು ದಿನ ಹಾಗೆಯೇ ಇಡುತ್ತೇವೆ. ದೂರದಲ್ಲಿರುವ ಮಕ್ಕಳನ್ನೂ ಸೇರಿಸಿ ಮನೆಯವರೆಲ್ಲರನ್ನೂ ಕೇಳುತ್ತೇವೆ. ಒಳಗಿರುವ ಕಡತಗಳನ್ನು ಬೇರೊಂದು ಡಿಸ್ಕಿಗೆ ಪ್ರತಿ ಮಾಡಿ ಮನೆಯವರ ಕೈಗೆ ಕೊಟ್ಟು, ಚೀಟಿಯ ಮೇಲೆ ಸಹಿ ಪಡೆದ ಮೇಲೆಯೇ ಮುಂದಿನ ಕೆಲಸ. ಇದಕ್ಕೊಂದು ಇನ್ನೊಂದು ಮುಖವೂ ಉಂಟು. ಪಾಸ್‌ಪೋರ್ಟಿನ ಪ್ರತಿ, ಬ್ಯಾಂಕಿನ ಕಾಗದ, ಖಾಸಗಿ ಚಿತ್ರಗಳನ್ನೆಲ್ಲ ಹಾಗೆಯೇ ಬಿಟ್ಟು ಯಂತ್ರವನ್ನು ಒಪ್ಪಿಸುವವರಿದ್ದಾರೆ. ಕಡತವನ್ನು ಕಸದ ಬುಟ್ಟಿಯ ಚಿತ್ರದೊಳಗೆ ಹಾಕಿದ ಮಾತ್ರಕ್ಕೆ ಅದು ಅಳಿಯುವುದಿಲ್ಲವೆಂಬುದನ್ನು ತಿಳಿದಿರಬೇಕು. ಪ್ರತಿ ಮಾಡಿಕೊಂಡ ಮೇಲೆ ಡಿಸ್ಕನ್ನು ತಕ್ಕ ತಂತ್ರಾಂಶದಿಂದ ಪೂರ್ತಿ ಒರೆಸಿಯೇ ಬೇರೆಯವರಿಗೆ ಕೊಡತಕ್ಕದ್ದು.

ಹನ್ನೊಂದರಲ್ಲಿ ಏಳು ಯಂತ್ರಗಳು ಬದುಕಿದವು. ಆದರೆ ಏಳಕ್ಕೂ ಒಂದೇ ಮದ್ದು ಒಗ್ಗಲಿಲ್ಲ. ಈ ವಿಷಯದಲ್ಲಿ ಉತ್ಸಾಹಿಗಳು ಹೇಳುವುದಕ್ಕೂ ವಾಸ್ತವಕ್ಕೂ ಅಂತರವಿರುವುದರಿಂದ ಸ್ವಲ್ಪ ವಿವರಿಸಬೇಕು.

ಬ್ರೌಸರನ್ನೇ ನಂಬಿದ ವ್ಯವಸ್ಥೆಗೆ ಅಂತರಜಾಲವೇ ಅನ್ನನೀರು. ಸಂಪರ್ಕವಿಲ್ಲದಾಗಲೂ ಬರೆಯುವ, ಬರೆದದ್ದನ್ನು ಉಳಿಸಿಕೊಳ್ಳುವ ಸೌಕರ್ಯವನ್ನು ಮುಂಚಿತವಾಗಿ ಹೊಂದಿಸಿಕೊಳ್ಳಬಹುದು. ಆದರೂ ವಾರಗಟ್ಟಲೆ ಸಂಪರ್ಕವಿಲ್ಲದ ಮನೆಗೆ ಅದು ಹೇಳಿಸಿದ್ದಲ್ಲ. ವಾಣಿಜ್ಯ ಓದುವ ಮಕ್ಕಳಿಗೆ ಬೇಕಾಗುವ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶಗಳನ್ನು ಇದರ ಮೇಲೆ ನೇರವಾಗಿ ಸ್ಥಾಪಿಸಲಾಗದು. ಮೊಬೈಲಿನ ಪ್ಲೇ ಸ್ಟೋರಿನ ಆ್ಯಪ್‌ಗಳೂ ಫ್ಲೆಕ್ಸ್‌ನಲ್ಲಿ ಇಲ್ಲ. ಕ್ರೋಮ್‌ಬುಕ್ಕಿನಲ್ಲಿದೆಯಲ್ಲ ಎಂದು ವಾದಿಸುವವರು ಎರಡನ್ನೂ ಒಂದೇ ಎಂದು ತಪ್ಪು ತಿಳಿದವರು. ಸಿಡಿ ಹಾಕುವ ಭಾಗ, ಬೆರಳಚ್ಚು ಗುರುತಿಸುವ ಭಾಗ ಕೆಲಸ ಮಾಡುತ್ತವೆಂಬ ಭರವಸೆಯಿಲ್ಲ.

ಕನ್ನಡದ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಯುನಿಕೋಡ್ ಕನ್ನಡವನ್ನು ಓದುವುದಕ್ಕೂ ಉಚ್ಚಾರಣೆಯ ಕ್ರಮದಲ್ಲಿ ಬೆರಳಚ್ಚಿಸುವುದಕ್ಕೂ ತೊಡಕಿಲ್ಲ. ಆದರೆ ನಮ್ಮ ಶಿಕ್ಷಕರೂ ಕಚೇರಿಗಳೂ ವರ್ಷಾನುಗಟ್ಟಲೆ ಬಳಸಿದ ನುಡಿ ತಂತ್ರಾಂಶ ವಿಂಡೋಸಿಗಾಗಿ ಮಾಡಿದ್ದು. ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಬರೆದ ಟಿಪ್ಪಣಿಗಳನ್ನು ಹುಡುಗನೊಬ್ಬ ತೆರೆದಾಗ ಅವನಿಗೆ ಕಂಡದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನು ಯಂತ್ರ ಕೆಟ್ಟಿತೆಂದು ತಿಳಿದು ಹೆದರಿಕೊಂಡೇ ನಮ್ಮ ಬಳಿಗೆ ಬಂದ. ಕೆಟ್ಟಿದ್ದು ಯಂತ್ರವಲ್ಲ; ಇಷ್ಟು ಕಾಲವಾದರೂ ಯುನಿಕೋಡಿಗೆ ದಾಟದ ಹಿರಿಯರ ಸೋಮಾರಿತನ. ಆ ಹಿರಿಯರಲ್ಲಿ ನಾವೂ ಇದ್ದೇವೆ, ನಮ್ಮ ಧರ್ಮಕೇಂದ್ರದ ಹಳೆಯ ವಾರ್ತಾಪತ್ರಗಳೆಲ್ಲ ಅದೇ ಸ್ಥಿತಿಯಲ್ಲಿವೆ.

ಸಂಪರ್ಕ ದುರ್ಬಲವಾಗಿರುವ ಕಡೆ ಮತ್ತು ಪದವಿ ತರಗತಿಯ ಮಕ್ಕಳಿಗೆ ನಾವು ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ದಾರಿ ಹಿಡಿದೆವು. ಲಿನಕ್ಸ್ ಮಿಂಟ್, ಇನ್ನೂ ಹಗುರವಾದ ಲುಬುಂಟು ಎಂಬ ಬಗೆಗಳಿವೆ. ಬರೆಯಲು, ಲೆಕ್ಕದ ಹಾಳೆ ಮಾಡಲು ಲಿಬ್ರೆ ಆಫೀಸ್ ಇದೆ. ಕಿವಿಕ್ಸ್ ಎಂಬ ತಂತ್ರಾಂಶವಿದ್ದರೆ ಒಮ್ಮೆ ಇಳಿಸಿಕೊಂಡ ವಿಕಿಪೀಡಿಯವನ್ನು ಸಂಪರ್ಕವಿಲ್ಲದೆಯೇ ಓದಬಹುದು. ಇದು ಕಷ್ಟವೆಂದು ಹಲವರು ಮೂಗು ಮುರಿಯುತ್ತಾರೆ. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಅದರ ಹೊಣೆ ಹೊತ್ತ ಕೈಟ್ ಸಂಸ್ಥೆ ಇವು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಲಕ್ಷಾಂತರ ಮಕ್ಕಳಿಗೆ ಲಿನಕ್ಸಿನಲ್ಲಿಯೇ ಪಾಠ ಮಾಡಿಸಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದೇ ರಾಜ್ಯದ ಶಾಲೆಗಳಲ್ಲಿ ಓದುತ್ತಿರುವವರು. ತಲಪಾಡಿಯ ಆಚೆ ಕಲಿಯಬಲ್ಲದ್ದನ್ನು ಈಚೆಯವರು ಕಲಿಯಲಾರರೆಂದು ನಾವು ಒಪ್ಪುವುದಿಲ್ಲ.

ಹಣ ಕೊಡದೆ ಸಿಕ್ಕುವ ವಸ್ತುವಿಗೂ ಒಂದು ಬೆಲೆ ಇದ್ದೇ ಇರುತ್ತದೆ. ಫ್ಲೆಕ್ಸ್‌ನ ಪೂರ್ಣ ಪ್ರಯೋಜನ ಬೇಕಾದರೆ ಗೂಗಲ್ ಖಾತೆ ಬೇಕು. ಆ ಕಂಪನಿಯ ಮುಖ್ಯ ವರಮಾನ ಜಾಹೀರಾತು. ನಮ್ಮ ದೇಶದಲ್ಲಿ ಹದಿಮೂರು ತುಂಬದ ಮಗುವಿಗೆ ತಂದೆತಾಯಿಯರ ಉಸ್ತುವಾರಿಯ ಖಾತೆಯನ್ನು ಮಾತ್ರ ತೆರೆಯಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ ಹದಿನೆಂಟರೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಮಗುವಿನ ವಯಸ್ಸನ್ನು ಸುಳ್ಳಾಗಿ ನಮೂದಿಸಿ ಖಾತೆ ತೆರೆಯುವ ಅಭ್ಯಾಸ ಒಳ್ಳೆಯ ಮನೆಗಳಲ್ಲೂ ಇದೆ. ತೆರೆಯುವ ಮೊದಲ ಪುಟದಲ್ಲಿಯೇ ಸುಳ್ಳು ಬರೆಯಿಸಿ, ಅನಂತರ ಅಂತರಜಾಲದಲ್ಲಿ ಪ್ರಾಮಾಣಿಕವಾಗಿರು ಎಂದು ಮಗುವಿಗೆ ಹೇಳುವ ಬಾಯಿ ನಮಗೆಲ್ಲಿಂದ ಬಂದೀತು?

ಕೊಡುವವರ ಕುರಿತೂ ಎರಡು ಮಾತು ಆಡಬೇಕಾಗಿದೆ. ಕೆಲವರು ತಂದ ಯಂತ್ರಗಳಿಗೆ ಚಾರ್ಜರ್ ಇರಲಿಲ್ಲ. ಒಂದರ ಕೀಲಿಮಣೆಯಲ್ಲಿ ಆರು ಅಕ್ಷರಗಳು ಉದುರಿದ್ದವು. "ಬಡವರ ಮಕ್ಕಳಿಗೆ ತಾನೆ, ನಡೆಯುತ್ತದೆ" ಎಂದು ಒಬ್ಬರು ನಮ್ಮೆದುರೇ ಆಡಿದರು. ಆ ಯಂತ್ರವನ್ನು ನಾವು ಅವರ ಕಾರಿನೊಳಗೇ ಹಿಂದಕ್ಕಿಟ್ಟು ಕಳುಹಿಸಿದೆವು. ಅವರಿಗೆ ಬೇಸರವಾಗಿದ್ದರೆ ಆಗಲಿ. ಓದುವ ಮಗುವಿಗೆ ಕೊಡುವುದು ತನ್ನ ಮಗುವಿಗೆ ಕೊಡಬಹುದಾದಷ್ಟು ಚೊಕ್ಕವಾಗಿರಬೇಕು. ಆದುದರಿಂದ ಪ್ರತಿ ಯಂತ್ರಕ್ಕೂ ಬ್ಯಾಟರಿ, ಚಾರ್ಜರ್, ಕೀಲಿಮಣೆ ಪರೀಕ್ಷಿಸಿ, ತಿರುಗುವ ಹಳೆಯ ಡಿಸ್ಕಿನ ಬದಲು ಎಸ್ಎಸ್‌ಡಿ ಹಾಕಿಸುತ್ತೇವೆ. ಈ ಒಂದು ಬದಲಾವಣೆಯಿಂದ ಆಗುವಷ್ಟು ಚುರುಕು ಬೇರೆ ಯಾವ ರಿಪೇರಿಯಿಂದಲೂ ಆದದ್ದನ್ನು ನಾವು ಕಾಣೆವು. ಹಣವಿದ್ದು ಹಳೆಯ ಯಂತ್ರವಿಲ್ಲದವರು ಈ ಖರ್ಚನ್ನು ವಹಿಸಿಕೊಳ್ಳಬಹುದು. ಇನ್ನು, ಕೊಡುವ ಸಮಾರಂಭ, ವೇದಿಕೆ, ಸಾಲಾಗಿ ನಿಂತ ಮಕ್ಕಳ ಛಾಯಾಚಿತ್ರ ಯಾವುದೂ ಇಲ್ಲ. ಪಡೆದವರ ಹೆಸರು ನಮಗೂ ಈ ಕೆಲಸ ಮಾಡುವ ಇಬ್ಬರು ಯುವಕರಿಗೂ ಬಿಟ್ಟು ಬೇರಾರಿಗೂ ತಿಳಿಯದು.

ಆ ಇಬ್ಬರಲ್ಲಿ ಒಬ್ಬ ಬಿಸಿಎ ಓದುತ್ತಿರುವವನು. ಇನ್ನೊಬ್ಬ ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾಗಿ ಮೊಬೈಲು ರಿಪೇರಿ ಕಲಿತವನು. ಗಟ್ಟಿಯಾದ ಸ್ಕ್ರೂ ಸಡಿಲಿಸುವುದರಲ್ಲಿ, ಮುರಿದ ಹಿಂಜನ್ನು ಕೂಡಿಸುವುದರಲ್ಲಿ ಪದವಿಯವನು ಈತನ ಶಿಷ್ಯ. ಯಂತ್ರ ಕೊಟ್ಟ ಬಳಿಕ ಆರು ತಿಂಗಳವರೆಗೆ ಮಕ್ಕಳು ಯಾವ ಸಂದೇಹಕ್ಕೂ ಇವರನ್ನು ಕೇಳಬಹುದು. ಹಳೆಯ ಯಂತ್ರ ಕೊಟ್ಟು ಕೈತೊಳೆದುಕೊಂಡರೆ ಎರಡನೆಯ ತಿಂಗಳಿಗೆ ಅದು ಮತ್ತೊಂದು ಮನೆಯ ಕಪಾಟಿನ ಮೇಲೇರುತ್ತದೆ. ನಾಲ್ಕು ಮನೆ ಆಚೆಗೆ ಸ್ಥಳಾಂತರವಾಯಿತು, ಅಷ್ಟೆ.

ಬದುಕದ ನಾಲ್ಕು ಯಂತ್ರಗಳ ಕಥೆ ಉಳಿದಿದೆ. ಅವುಗಳಲ್ಲಿ ಎರಡರ ಬ್ಯಾಟರಿ ಹಪ್ಪಳದಂತೆ ಉಬ್ಬಿತ್ತು. ಇಂಥದನ್ನು ಒತ್ತುವುದಾಗಲಿ, ಚುಚ್ಚುವುದಾಗಲಿ, ಚಾರ್ಜಿಗೆ ಹಾಕುವುದಾಗಲಿ ಮಾಡಬಾರದು. ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಗುಜರಿಯವನು ತೂಕಕ್ಕೆ ಕೊಂಡೊಯ್ಯುತ್ತಾನೆ, ನಿಜ. ಆದರೆ ಅವನಿಂದ ಮುಂದೆ ಅದು ಸೇರುವ ಕಡೆ ತಂತಿ ಸುಟ್ಟು ತಾಮ್ರ ತೆಗೆಯುವ, ಆಮ್ಲದಲ್ಲಿ ಅದ್ದಿ ಲೋಹ ಬೇರ್ಪಡಿಸುವ ಕೈಗಳಿರುತ್ತವೆ. ಆ ಹೊಗೆ ಕುಡಿಯುವುದೂ ಬಡವರ ಮಕ್ಕಳೇ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಉಂಟಾಯಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದಕ್ಕೆ ದಾಖಲೆಯಿರುವುದು ಶೇಕಡಾ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿ ಹೇಳುತ್ತದೆ. ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಕುರಿತು ಎಚ್ಚರಿಸಿದ್ದನ್ನು ನಾವು ಪೀಠದಿಂದ ಎಷ್ಟೋ ಬಾರಿ ಉಲ್ಲೇಖಿಸಿದ್ದೇವೆ. ನಮ್ಮದೇ ಸಭಾಂಗಣದ ಮೂಲೆಯಲ್ಲಿ ನಾಲ್ಕು ಸತ್ತ ಲ್ಯಾಪ್‌ಟಾಪುಗಳು ಬಿದ್ದಾಗ ಮಾತ್ರ ಅವುಗಳನ್ನು ಎಲ್ಲಿಗೆ ಸಾಗಿಸಬೇಕೆಂದು ವಿಚಾರಿಸುವ ಅಗತ್ಯ ಕಂಡಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಸಂಸ್ಕರಣಕಾರರಿಗೇ ಅವು ಸೇರತಕ್ಕದ್ದು. ನಾಲ್ಕಕ್ಕಾಗಿ ಅವರು ಬರಲೊಪ್ಪಲಿಲ್ಲ. ನೆರೆಯ ಎರಡು ಧರ್ಮಕೇಂದ್ರಗಳವರು ತಮ್ಮಲ್ಲಿರುವುದನ್ನೂ ಸೇರಿಸಿದರೆ ಒಂದು ಟೆಂಪೋ ತುಂಬೀತೆಂದು ಲೆಕ್ಕ ಹಾಕಿದ್ದೇವೆ.

ಈ ತಿಂಗಳ ಕೊನೆಯ ಭಾನುವಾರ, ಎರಡನೆಯ ಬಲಿಪೂಜೆಯ ಬಳಿಕ ಸಭಾಂಗಣದ ಬಾಗಿಲು ತೆರೆದಿರುತ್ತದೆ. ನಮ್ಮ ಪಟ್ಟಿಯಲ್ಲಿ ಹದಿನಾಲ್ಕು ಮಕ್ಕಳ ಹೆಸರಿದೆ, ಕೈಯಲ್ಲಿ ಯಂತ್ರಗಳಿರುವುದು ಮೂರು. ತರುವವರು ಚಾರ್ಜರನ್ನೂ ಜತೆಗೆ ತರಬೇಕು. ಅದಕ್ಕೂ ಮೊದಲು ಹೊರದೇಶದಲ್ಲಿರುವ ಮಗನಿಗೋ ಮಗಳಿಗೋ ಒಂದು ಕರೆ ಮಾಡಿ, ಅದರಲ್ಲಿ ಏನಿದೆ ಎಂದು ಕೇಳಿಕೊಂಡು ಬರಬೇಕು.